ಗೋಡೆ ದಾಟಿದ ಇಲಿ

ಬಬಲೇಶ್ವರ, ೧೬ ನವೆಂಬರ ೧೯೪೪, ಗುರುವಾರ

ಬೆಳಿಗ್ಗೆ ಕಸ ಗುಡಿಸಲು ಹಿತ್ತಲಿಗೆ ಹೋದರೆ ಗೋಡೆಯ ಬುಡದಲ್ಲಿ ಇಲಿಯೊಂದು ಸತ್ತು ಬಿದ್ದಿತ್ತು. ದೊಡ್ಡ ಇಲಿ. ಬಾಯಿ ತೆರೆದಿತ್ತು, ಬಾಲದ ತನಕ ಬೂದಿ ಮೆತ್ತಿತ್ತು. ನಾನಂತೂ ಬೂದಿಯನ್ನು ಹಿತ್ತಲಿಗೆ ಚೆಲ್ಲುವವಳಲ್ಲ, ಪಾತ್ರೆ ತಿಕ್ಕಲು ಡಬ್ಬಿಯಲ್ಲಿ ತುಂಬಿಡುತ್ತೇನೆ. ಆ ಬೂದಿ ಎಲ್ಲಿಂದ ಬಂತೋ ತಿಳಿಯದು.

ಇಲಿ ಬಿದ್ದರೆ ಏನು ಮಾಡಬೇಕೆಂದು ಈ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಮೊದಲು ಗೌಡರಿಗೆ ಹೇಳಬೇಕು. ಅವರು ಡಂಗುರ ಹೊಡೆಸುತ್ತಾರೆ. ಊರಿಗೆ ಊರೇ ಮನೆಗೆ ಬೀಗ ಹಾಕಿ, ಹೊಲದಲ್ಲಿ ಜೋಳದ ಕಣಿಕೆಯ ಜೋಪಡಿ ಕಟ್ಟಿಕೊಂಡು ಎರಡು ಮೂರು ತಿಂಗಳು ಅಲ್ಲೇ ಇರುತ್ತದೆ. ಪ್ಲೇಗು ಎಂಬ ಹೆಸರನ್ನು ಯಾರೂ ಬಾಯಿಂದ ಆಡುವುದಿಲ್ಲ. ಬ್ಯಾನಿ ಎನ್ನುತ್ತಾರೆ, ಅಷ್ಟೆ.

ಆದರೆ ರವಿವಾರ ವಿಜಾಪುರದ ಇಬ್ರಾಹಿಂಪುರದಿಂದ ದೇವಪುತ್ರ ಪಾದ್ರಿಗಳು ಬರುವವರಿದ್ದಾರೆ. ಯುದ್ಧ ಶುರುವಾಗಿ ಪರದೇಶದ ಮಿಶನರಿ ದೊರೆಗಳು ಹೋದ ಮೇಲೆ ಮಿಶನ್ನಿನ ಹಳ್ಳಿಯ ಮನೆಗಳು ಒಂದೊಂದಾಗಿ ಮುಚ್ಚುತ್ತಿವೆ. ಬಬಲೇಶ್ವರದ ಈ ಮನೆ ಇರಬೇಕೋ ಬೇಡವೋ ಎಂದು ಕಣ್ಣಾರೆ ನೋಡಿ ಹೇಳುತ್ತಾರಂತೆ. ಊರೇ ಖಾಲಿಯಾಗಿದ್ದರೆ ಇರಲಿ ಎಂದು ಯಾರು ಹೇಳುತ್ತಾರೆ. ಗಂಡ ಸತ್ತ ಮೇಲೆ ನನಗಿರುವುದು ಇದೊಂದು ಮನೆ, ಇದೊಂದು ಕೆಲಸ. ಹೆಂಗಸರಿಗೆ ಸುವಾರ್ತೆ ಓದಿ ಹೇಳುವುದು, ಹುಡುಗಿಯರಿಗೆ ಅಕ್ಷರ ಕಲಿಸುವುದು, ಕಣ್ಣುಬೇನೆಗೆ ಹನಿ ಹಾಕುವುದು. ಇದು ಮುಚ್ಚಿದರೆ ಇಬ್ರಾಹಿಂಪುರದ ರೈಲು ಹಳಿಯ ಪಕ್ಕದ ವಿಧವೆಯರ ಸಾಲಿನಲ್ಲಿ ನನಗೊಂದು ಕೋಣೆ. ಒಂದೇ ಒಲೆಗೆ ಆರು ಹೆಂಗಸರು. ಮೇಲ್ವಿಚಾರಣೆಯ ಹೆಂಗಸು ಬೆಳಿಗ್ಗೆ ಎದ್ದು ಎಲ್ಲರ ಮೂಗು ನೋಡುತ್ತಾಳಂತೆ, ತಪಕೀರು, ಅದೇ ನಶ್ಯ, ಏರಿಸಿದ್ದಾರೋ ಎಂದು. ನನ್ನ ಮೂಗು ನನ್ನದು. ದೇವರೇ ಅದಕ್ಕೆ ಅಡ್ಡಿ ಮಾಡಿಲ್ಲ.

ಇಲಿಯನ್ನು ಚಿಂದಿಯಲ್ಲಿ ಹಿಡಿದು ಗೋಡೆಯಾಚೆ ಗುರುಸಿದ್ದವ್ವನ ತಿಪ್ಪೆಗೆ ಎಸೆದೆ. ತಿಪ್ಪೆಯ ಮಾಲು ತಿಪ್ಪೆಗೆ. ಅವಳಿಗೂ ನನಗೂ ನಾಲ್ಕು ವರ್ಷದಿಂದ ಮಾತಿಲ್ಲ. ನನ್ನ ಕೋಳಿ ಅವಳ ಸಂಡಿಗೆ ತುಳಿಯಿತೆಂದು ಕಟ್ಟಿಗೆ ಒಗೆದು ಅದರ ಕಾಲು ಮುರಿದವಳು ಅವಳು.

ಒಂದು ಇಲಿಗೆ ಊರೇನೂ ಮುಳುಗುವುದಿಲ್ಲ.

೧೭ ನವೆಂಬರ, ಶುಕ್ರವಾರ

ಪಕ್ಕದ ಮನೆಯಲ್ಲಿ ಇಂದು ಸೀಮಂತದ ಕುಬಸ. ಗುರುಸಿದ್ದವ್ವನ ಸೊಸೆ ರೇಣುಕವ್ವನಿಗೆ ಏಳು ತಿಂಗಳು. ಘೋಣಸಗಿಯಿಂದ ತವರಿನವರು ಗಾಡಿ ತುಂಬ ಬಂದು, ಹಸಿರು ಕುಬಸ ತೊಡಿಸಿ, ಉಡಿ ತುಂಬಿ, ಹೊತ್ತು ಇಳಿಯುವ ತನಕ ಹಾಡಿದರು. ಎಂಥ ಹಾಡು ಅಂದರೆ, ಮೂರು ಮನೆಯಾಚೆಯ ನಾಯಿಯೂ ದನಿಗೂಡಿಸಿತು. ನನ್ನನ್ನು ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲ.

ಹುಡುಗಿ ಮಾತ್ರ ಒಳ್ಳೆಯವಳು. ಸಂಜೆ ಗೋಡೆಯ ಮೇಲಿಂದ ಹೋಳಿಗೆಯ ತಟ್ಟೆ ಚಾಚಿ, "ಲಗೂ ತಗೋರಿ ಬಾಯಾರ, ಅತ್ತಿ ನೋಡ್ತಾರ" ಅಂದಳು. ಕೈತುಂಬ ಹಸಿರು ಬಳೆ. ಅತ್ತೆ ಹೊಲಕ್ಕೆ ಹೋದಾಗ ಗೋಡೆಯಾಚೆಯಿಂದಲೇ ನನ್ನಿಂದ ಅಕ್ಷರ ಕಲಿತವಳು. ತನ್ನ ಹೆಸರನ್ನು ಕೆಮ್ಮಣ್ಣಿನಲ್ಲಿ ಬರೆದು ನನಗೆ ತೋರಿಸಿ ಅಳಿಸಿಬಿಡುತ್ತಿದ್ದಳು.

ಹೋಳಿಗೆ ಚೆನ್ನಾಗಿತ್ತು. ಆ ಮುದುಕಿಯ ಕೈಗೆ ರುಚಿ ಇದೆ, ಬಾಯಿಗಿಲ್ಲ.

೧೯ ನವೆಂಬರ, ರವಿವಾರ

ಪಾದ್ರಿಗಳು ಬಂದರು, ಉಂಡರು, ಹೋದರು. ಮನೆ ನೋಡಿ ಶುಚಿಯಾಗಿದೆ ಎಂದರು. ತೀರ್ಮಾನವನ್ನು ಹೇಳಿ ಕಳಿಸುತ್ತಾರಂತೆ.

ಪ್ರಸಂಗ ಮಾಡಿದ್ದು ಹಳೆಯ ಕಾಲದ ಪ್ರವಾದಿಯೊಬ್ಬನ ಕತ್ತೆಯ ಮೇಲೆ. ದಾರಿಯಲ್ಲಿ ದೇವದೂತ ಕತ್ತಿ ಹಿಡಿದು ನಿಂತದ್ದು ಪ್ರವಾದಿಗೆ ಕಾಣಲಿಲ್ಲ, ಕತ್ತೆಗೆ ಕಂಡಿತು, ದೇವರು ಅದರ ಬಾಯಿಂದಲೇ ಮಾತಾಡಿಸಿದ. ಹಾಗೆಯೇ ದೇವರಿಗೆ ಯಾರಾದರೂ ನಡೆಯುತ್ತಾರೆ, ಯೋಗ್ಯತೆ ನೋಡಿ ಅವನು ಕೆಲಸ ಕೊಡುವುದಿಲ್ಲ, ಎಂದರು. ಹೇಳುವಾಗ ನನ್ನ ಕಡೆಗೇ ನೋಡಿದರು. ಕೂತವರು ಏಳೇ ಜನ, ಎಲ್ಲಿ ನೋಡಬೇಕು ಪಾಪ. ಆದರೂ ಸಿಟ್ಟು ಬಂತು. ಮಾತಾಡಿದ ಮೇಲೆ ಆ ಕತ್ತೆಯ ಗತಿ ಏನಾಯಿತು, ಮತ್ತೆ ಹೊರೆ ಹೊತ್ತಿತೋ ಇಲ್ಲವೋ, ಅದನ್ನು ಯಾವ ಪಾದ್ರಿಯೂ ಹೇಳುವುದಿಲ್ಲ.

ನಿನ್ನೆ ಸಂಜೆ ರೇಣುಕವ್ವ ಹೊಸ ಕುಬಸದ ಮೇಲೆ ಹಳೆಯ ಸೀರೆ ಸುತ್ತಿಕೊಂಡು ತಿಪ್ಪೆಯ ಬದಿಗೆ ಕೂತು ಸಗಣಿಯ ಕುಳ್ಳು ಬಡಿಯುತ್ತಿದ್ದಳು. ಗೋಡೆಯ ಹತ್ತಿರ ಹೋಗಿ ನಿಂತೆ. ಏನಂತ ಹೇಳುವುದು. ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ಪಾದ್ರಿಗಳಿಗೆ ಕಡಲೆಬೇಳೆ ನೆನೆಹಾಕುವುದಿತ್ತು, ಒಳಗೆ ಬಂದೆ.

೨೩ ನವೆಂಬರ, ಗುರುವಾರ

ಡಂಗುರ ಆಯಿತು. ಪೇಟೆಯ ಎಣ್ಣೆಯಂಗಡಿಯಲ್ಲಿ, ಗೌಡರ ಕಣಜದಲ್ಲಿ, ಚಾವಡಿಯಲ್ಲಿ, ಎಲ್ಲೆಲ್ಲೂ ಇಲಿ ಬಿದ್ದಿವೆ. ಅಗಸರ ಓಣಿಯಲ್ಲಿ ಇಬ್ಬರು ಹೋದರು. ಬೆಕ್ಕುಗಳು ಎರಡು ದಿನದಿಂದ ಕಾಣುತ್ತಿಲ್ಲ. ಕಾಗೆಗಳು ಮಾತ್ರ ಇವೆ, ಹಿಂದೆಂದೂ ಇಷ್ಟು ಇರಲಿಲ್ಲ.

ಜನ ಒಬ್ಬರ ಮುಖ ಒಬ್ಬರು ನೋಡದೆ ಗಾಡಿ ತುಂಬುತ್ತಿದ್ದಾರೆ. ಯಾರ ಮನೆಯಲ್ಲಿ ಮೊದಲು ಬಿತ್ತು ಎಂಬ ಮಾತು ಎದ್ದಿದೆ. ಮುಚ್ಚಿಟ್ಟವರು ಸಿಕ್ಕರೆ ಊರಾಚೆ ನಿಲ್ಲಿಸಿ ಕಲ್ಲು ಹೊಡೆಯಬೇಕು ಎಂದು ಎಣ್ಣೆಯಂಗಡಿಯವನು ಹೇಳುತ್ತಿದ್ದ. ನಾನೂ ಹೌದು ಎಂದೆ.

ಹಳ್ಳದ ದಂಡೆಯಲ್ಲಿ ನನಗೂ ಒಂದು ಜೋಪಡಿ ಆಯಿತು. ಒಳಗೆ ಗಾಳಿ ಹೊಕ್ಕರೆ ಕಣಿಕೆ ಇಡೀ ದಿನ ಪಿಸುಗುಡುತ್ತದೆ.

೨೫ ನವೆಂಬರ, ಶನಿವಾರ

ಗುರುಸಿದ್ದವ್ವ ಬಂದು ಜೋಪಡಿಯ ಮುಂದೆ ನಿಂತಳು. ನಾಲ್ಕು ವರ್ಷದ ಮೇಲೆ ಮೊದಲ ಮಾತು.

"ಹೀರಾಬಾಯಿ, ರೇಣುಕಾಗ ಜ್ವರಾ ಬಂದಾವ. ತೊಡಿ ಸಂದ್ಯಾಗ ಗಂಟ ಎದ್ದೈತಿ. ನೀ ಬರಬೇಕು."

"ನಾ ಏನ ಡಾಕ್ಟರ ಅದೀನೇನು? ನಿನ್ನ ಮಂದಿ ಎಲ್ಲಿ ಹೋದ್ರು?"

"ನನ್ನ ಮಂದಿ ಬರಾಂಗಿಲ್ಲ. ಘೋಣಸಗಿಯವ್ರು ದಾರಿಗೆ ಮುಳ್ಳ ಹಚ್ಯಾರ, ಆಕಿ ಅವ್ವನ್ನೂ ಬಿಡವಲ್ರು. ಮಗಾ ಬಸಗೊಂಡ ಬೇವಿನಗಿಡದ ಬುಡಕ ಕುಂತಾನ, ಒಳಗ ಕಾಲ ಇಡವಲ್ಲ. ನೀ ಬರ್ತಿ."

"ನಾ ಬರ್ತೀನಂತ ನಿನಗ ಯಾರ ಹೇಳ್ಯಾರ?"

"ಯಾರೂ ಹೇಳಿಲ್ಲ. ನನಗ ಗೊತ್ತೈತಿ."

ಹೇಳಿ ನನ್ನನ್ನು ನೋಡಿದಳು. ಆ ನೋಟ ನನಗೆ ಸರಿಬರಲಿಲ್ಲ. ಬೇಡುವವರು ಹಾಗೆ ನೋಡುವುದಿಲ್ಲ.

ಹೋದೆ. ಹುಡುಗಿಯ ಮೈ ಕೆಂಡವಾಗಿತ್ತು, ಕಣ್ಣು ಕೆಂಪಗೆ. ಗುರುತು ಹಿಡಿದು ನಕ್ಕಳು. "ಬಾಯಾರ, ಕೂಸು ಒದಿಯಾಕತ್ತೇತಿ ನೋಡ್ರಿ" ಎಂದು ನನ್ನ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒದೆಯುತ್ತಿತ್ತು.

ದೇವರೇ, ನೀನು ಯಾರನ್ನಾದರೂ ಕಳಿಸು. ವಿಜಾಪುರದಲ್ಲಿ ಸೂಲಗಿತ್ತಿಯರಿದ್ದಾರೆ, ದಾದಿಯರಿದ್ದಾರೆ. ನನಗೆ ರೋಗಿಯ ವಾಸನೆ ಆಗುವುದಿಲ್ಲ. ಬೇಗ ಕಳಿಸು.

೨೮ ನವೆಂಬರ, ಮಂಗಳವಾರ

ಯಾರೂ ಬರಲಿಲ್ಲ. ಸರ್ಕಾರದ ಡಾಕ್ಟರು ಹಾದಿಯಲ್ಲಿ ಟೇಬಲ್ ಹಾಕಿಕೊಂಡು ಗಟ್ಟಿಮುಟ್ಟಾಗಿ ಇದ್ದವರಿಗೆ ಸೂಜಿ ಚುಚ್ಚಿ ಹೋದರು. ಜೋಪಡಿಯೊಳಗೆ ಇಣುಕಲಿಲ್ಲ. ಅಗಸಿಹಿಟ್ಟಿನ ಬಿಸಿ ಪಟ್ಟು ಹಾಕಿರಿ, ಗಂಟು ಒಡೆದರೆ ಬದುಕುತ್ತಾಳೆ ಎಂದರು. ಒಡೆಯದಿದ್ದರೆ ಏನು ಎಂದು ನಾನೂ ಕೇಳಲಿಲ್ಲ.

ಹಿಟ್ಟು ಕಲೆಸುವವಳು ನಾನು, ಕಾಸುವವಳು ಗುರುಸಿದ್ದವ್ವ. ಆಕೆಯ ನೀರಿನ ಕೊಡವನ್ನು ನಾನು ಮುಟ್ಟುವಂತಿಲ್ಲ. ಮೇಲಿಂದ ಹೊಯ್ಯುತ್ತಾಳೆ, ನಾನು ಕೆಳಗಿನಿಂದ ತಂಬಿಗೆ ಹಿಡಿಯಬೇಕು. ಸೊಸೆಯ ಮಲಮೂತ್ರ ಬಳಿಯಲು ನನ್ನ ಕೈ ನಡೆಯುತ್ತದೆ, ಕೊಡ ಮುಟ್ಟಲು ನಡೆಯುವುದಿಲ್ಲ. ಇದನ್ನು ಮುಖಕ್ಕೇ ಹೇಳಿದೆ. "ಹೌದ, ನಡ್ಯಾಂಗಿಲ್ಲ" ಅಂದಳು, ಅಷ್ಟೆ. ಎಂಥ ಹೆಂಗಸು.

ಮಧ್ಯಾಹ್ನ ಜ್ವರ ಏರಿ ರೇಣುಕವ್ವ ಬಡಬಡಿಸಿದಳು. "ತಿಪ್ಪ್ಯಾಗ ಏನೋ ಐತಿ ಬಾಯಾರ. ಏನ ಹುಗದಾರ್ರಿ ಅಲ್ಲಿ? ಕೈಗೆ ಮೆತ್ತಗ ಹತ್ತೇತಿ." ಅವಳ ಹಣೆಯ ಬಟ್ಟೆ ತೆಗೆದು ಮತ್ತೆ ನೀರಲ್ಲಿ ಅದ್ದಿದೆ. ಗುರುಸಿದ್ದವ್ವ ಒಲೆಯ ಮುಂದೆ ಕೂತವಳು ತಿರುಗಿ ನೋಡಲಿಲ್ಲ. ಒಲೆ ಊದುತ್ತಲೇ ಇದ್ದಳು. ಒಲೆ ಆಗಲೇ ಹತ್ತಿಕೊಂಡು ಉರಿಯುತ್ತಿತ್ತು.

೧ ಡಿಸೆಂಬರ, ಶುಕ್ರವಾರ

ಕೂಸು ಹೋಯಿತು. ಇಳಿಹೊತ್ತಿಗೆ ಸತ್ತೇ ಹುಟ್ಟಿತು. ಹೆಣ್ಣು.

ಸುತ್ತಲು ಬೇರೆ ಬಟ್ಟೆ ಇರಲಿಲ್ಲ. ಗುರುಸಿದ್ದವ್ವ ಗಂಟು ಬಿಚ್ಚಿ ಆ ಹಸಿರು ಕುಬಸ ತೆಗೆದುಕೊಟ್ಟಳು. ಬಸಗೊಂಡಪ್ಪ ಬೇವಿನಗಿಡದ ಹತ್ತಿರ ಗುಂಡಿ ತೋಡಿ, ಸಲಿಕೆಯನ್ನು ಅಲ್ಲೇ ಬಿಟ್ಟು ಸರಿದು ನಿಂತ. ಅವನನ್ನು ಬೈಯಬೇಕೆಂದು ಬಾಯಿ ತೆರೆದೆ. ಮೂವತ್ತರ ಗಂಡಸು, ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ. ಬೈಯಲಿಲ್ಲ. ನಾನೇ ಎತ್ತಿಕೊಂಡು ಹೋಗಿ ಇಳಿಸಿ ಮಣ್ಣು ಎಳೆದೆ.

ಪ್ರಾರ್ಥನೆ ಮಾಡಲಿಲ್ಲ, ಹಳ್ಳಕ್ಕೆ ಹೋಗಿ ಕೈ ತೊಳೆದೆ. ಇಲಿಯ ವಿಷಯ ಈ ವಹಿಯಲ್ಲಿ ಒಮ್ಮೆ ಬರೆದಿದ್ದೇನೆ. ಮತ್ತೆ ಬರೆಯುವುದಿಲ್ಲ.

೩ ಡಿಸೆಂಬರ, ರವಿವಾರ

ಬಾಡಿಗೆ ಗಾಡಿಯ ಅಮೋಘಿ ವಿಜಾಪುರದಿಂದ ಪಾದ್ರಿಗಳ ಮಾತು ತಂದ. ಹಳ್ಳದ ಆಚೆ ದಂಡೆಯಲ್ಲಿ ನಿಂತು ಕೂಗಿ ಹೇಳಿದ.

"ಬಾಯಾರ, ಬಬಲೇಶ್ವರದ ಮನಿ ಮುಚ್ಚೂದು ಖಾಯಂ ಆಗೇತಂತ್ರಿ. ಬ್ಯಾನಿ ಬರೂಕಿಂತ ಮೊದಲ ಠರಾವ ಆಗಿತ್ತಂತ. ನಿಮಗ ಇಬ್ರಾಹಿಂಪುರದಾಗ ಖೋಲಿ ತಯಾರ ಐತಿ. ಇವತ್ತ ನನ್ನ ಗಾಡ್ಯಾಗ ಬರಬೇಕಂತ್ರಿ."

ಮೊದಲೇ ಆಗಿತ್ತಂತೆ. ಹೋಳಿಗೆ ಉಂಡು, ಮನೆ ಶುಚಿಯಾಗಿದೆ ಎಂದು ಹೋದ ದಿನವೇ ಅವರ ಮನಸ್ಸಿನಲ್ಲಿ ಅದು ಮುಗಿದಿತ್ತು. ನಾನು ಯಾವ ಮನೆ ಉಳಿಸಲು ಹೋಗಿ ಏನು ಮಾಡಿದೆ. ಹಳ್ಳದ ದಂಡೆಯಲ್ಲಿ ಕುಕ್ಕರಿಸಿಬಿಟ್ಟೆ. ಅಮೋಘಿ ಹೆದರಿ, "ನಿಮಗೂ ಬಂತೇನ್ರಿ?" ಎಂದು ಎತ್ತಿನ ಹಗ್ಗ ಹಿಡಿದ.

ಇಬ್ರಾಹಿಂಪುರದಲ್ಲಿ ಇಲಿ ಬಿದ್ದಿಲ್ಲ. ಅಲ್ಲಿ ಸಿಮೆಂಟಿನ ನೆಲ. ಗಾಡಿ ಹತ್ತಿದರೆ ಸಂಜೆಗೆ ಅಲ್ಲಿರುತ್ತೇನೆ. ಆದರೆ ಅಲ್ಲಿ ಸಿಗುವ ತಪಕೀರು ಇಟ್ಟಿಗೆ ಪುಡಿ ಇದ್ದ ಹಾಗೆ, ಅದೂ ಅಲ್ಲದೆ ಪಟ್ಟು ಬದಲಿಸುವ ಹೊತ್ತಾಗಿತ್ತು. ನಾಳೆ ನೋಡೋಣ ಎಂದು ಹೇಳಿ ಕಳಿಸಿದೆ.

ಬೇರೆ ಜೋಪಡಿಗಳ ಹೆಂಗಸರು ದೂರದಿಂದಲೇ ನನಗೆ ಕೈಮುಗಿಯಲು ಶುರುಮಾಡಿದ್ದಾರೆ. ದೇವರು ಕಳಿಸಿದವಳಂತೆ. ಒಬ್ಬಳಿಗೆ ಗದರಿಸಿದೆ. ಅವಳು ಇನ್ನೂ ಬಗ್ಗಿ ಕೈಮುಗಿದಳು.

೬ ಡಿಸೆಂಬರ, ಬುಧವಾರ

ಗಂಟು ಒಡೆಯಿತು. ಅರ್ಧ ಬೋಗುಣಿ ಕೀವು. ವಾಸನೆಗೆ ನೊಣವೂ ಹತ್ತಿರ ಬರಲಿಲ್ಲ. ಬಿಸಿನೀರಲ್ಲಿ ತೊಳೆದು ಕಟ್ಟಿದೆ. ಜ್ವರ ಇಳಿಯಿತು. ಎರಡು ತಾಸು ನಿದ್ದೆ ಮಾಡಿ ಎದ್ದು, "ರೊಟ್ಟಿ ಐತೇನ್ರಿ" ಎಂದು ಕೇಳಿದಳು ರೇಣುಕವ್ವ. ನನಗೆ ಅಳು ಬಂತು, ಅಳುವುದಕ್ಕೆ ಹೊರಗೆ ಹೋದೆ. ಅಲ್ಲಿ ಗುರುಸಿದ್ದವ್ವ ಕಣಿಕೆಗೆ ಆತು ಕೂತಿದ್ದಳು.

"ಬದುಕಿದಳು ನಿನ್ನ ಸೊಸಿ" ಅಂದೆ.

ತಲೆ ಆಡಿಸಿದಳು. ಹಲ್ಲು ಕಟಕಟ ಅನ್ನುತ್ತಿತ್ತು. ಮುಟ್ಟಿ ನೋಡಿದರೆ ಮೈ ಸುಡುತ್ತಿದೆ.

೮ ಡಿಸೆಂಬರ, ಶುಕ್ರವಾರ

ಕಂಕುಳಲ್ಲಿ ಗಂಟು. ಪಟ್ಟು ಹಾಕುತ್ತಿದ್ದೇನೆ. ಇವಳದು ಒಡೆಯುವ ಲಕ್ಷಣ ಇಲ್ಲ, ಕಲ್ಲಿನ ಹಾಗೆ ಕೂತಿದೆ.

ಇವತ್ತು ಕೊಡ ನಾನೇ ತುಂಬಿ ತಂದೆ. ತಂಬಿಗೆ ಹಿಡಿದು ಬಾಯಿಗೆ ಒಯ್ದಾಗ ಒಂದು ಕ್ಷಣ ನನ್ನ ಕೈ ನೋಡಿದಳು. ಆಮೇಲೆ ಕುಡಿದಳು. "ಸೇದೂ ಬಾವಿದ ಏನ?" ಎಂದು ಕೇಳಿದಳು. ಹೌದು ಎಂದೆ. "ಸಿಹಿ ಐತಿ" ಎಂದಳು.

ಎರಡು ಜೋಪಡಿಯ ನಡುವೆ ಓಡಾಡಿ ಕಾಲು ಬಿದ್ದುಹೋಗಿವೆ. ತಪಕೀರು ಏರಿಸುವುದಕ್ಕೂ ನೆನಪಾಗಲಿಲ್ಲ, ಡಬ್ಬಿ ಎಲ್ಲಿಟ್ಟೆನೋ.

೯ ಡಿಸೆಂಬರ, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮುಂಜಾನೆ ಅವಳಿಗೆ ಎಚ್ಚರ ಚೆನ್ನಾಗಿತ್ತು. ಪಕ್ಕದ ಜೋಪಡಿಯಲ್ಲಿ ಸೊಸೆ ಮಲಗಿದ್ದಾಳೋ ಎಂದು ಕೇಳಿದಳು. ಮಲಗಿದ್ದಾಳೆ ಎಂದೆ. ಆಗ, ಮಳೆಬೆಳೆಯ ಮಾತಾಡುವವಳ ಹಾಗೆ, "ಆ ಇಲಿ ನೀ ಒಗದದ್ದು ನಾ ನೋಡೀನಿ" ಅಂದಳು.

ಪಟ್ಟಿನ ಬಟ್ಟೆ ಕೈಯಲ್ಲೇ ತಣ್ಣಗಾಯಿತು.

"ನೋಡಿ ಸುದ್ದಾ ನನ್ನ ಕರದಿ ಏನು?"

"ನೋಡಿದ್ದಕ್ಕ ಕರದ್ನಿ. ಬ್ಯಾರೆ ಯಾರರೆ ಬರ್ತಿದ್ರೇನು ಬೇ? ಬರೂದ ಬಿಟ್ರ ನಿನಗ ಬ್ಯಾರೆ ಗತಿ ಇರ್ಲಿಲ್ಲ."

ಒಂದು ವಾರದಿಂದ ಊರು ನನಗೆ ಕೈಮುಗಿಯುತ್ತಿತ್ತು, ಇವಳೊಬ್ಬಳು ನೋಡುತ್ತ ಕೂತಿದ್ದಳು. ತಪ್ಪಾಯಿತು ಎಂದೆ. ಎರಡು ಸಲ ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು. ಸತ್ತೇಹೋದಳೋ ಎಂದು ಬಗ್ಗಿದೆ.

"ಅದಕ್ಕ ಬೂದಿ ಹತ್ತಿತ್ತ?" ಅಂದಳು.

"ಹತ್ತಿತ್ತು."

"ಅವತ್ತ ನಸಿಕಿನ್ಯಾಗ ನಮ್ಮ ಒಲಿ ಹಿಂದ ಬಿದ್ದಿತ್ತು. ಮರುದಿನ ಕುಬಸ. ಘೋಣಸಗಿಯವ್ರಿಗೆ ಹೇಳಿ ಕಳಿಸಿದ್ನಿ, ಹೂರಣದ ಬ್ಯಾಳಿ ಬೆಲ್ಲಾ ತಂದಿಟ್ಟಿತ್ತು. ಇಲಿ ಬಿದ್ದೈತಿ ಅಂದ್ರ ಯಾರ ಬರ್ತಾರ? ಚೊಚ್ಚಲ ಬಸರಿ, ಕುಬಸ ಇಲ್ಲದ ಹಡೀಬೇಕೇನು? ಬೂದಿ ಸಲಕಿಲೆ ಎತ್ತಿ ನಿಮ್ಮ ಹಿತ್ತಲಕ ಒಗದ್ನಿ. ಮಿಶನ್ನವ್ರ ಮನ್ಯಾಗ ಬಿದ್ರ ಅವರ ಹೇಳ್ಕೋತಾರ, ನನಗ್ಯಾಕ ಅಂತ. ಬೆಳಕ ಹರದ ಮ್ಯಾಲ ನೋಡಿದ್ರ ನೀ ತಿರುಗಿ ಒಗಿಯಾಕತ್ತಿದ್ದಿ. ನಾ ಏನ ಅನ್ನಲಿ? ತಿಪ್ಪ್ಯಾಗ ಹುಗದ್ನಿ. ಕುಬಸದ ಮರುದಿನ ಸಂಜೀಕ ಅಕಿ ಕುಳ್ಳ ಬಡ್ಯಾಕ ಕುಂತ್ಳು. ಬ್ಯಾಡ ಅನ್ನಲಿಲ್ಲ. ಅಂದಿದ್ರ ಯಾಕ ಅಂತಿದ್ಳು."

ಮೊದಲು ನನಗೆ ಬಂದದ್ದು ಸಿಟ್ಟು. ಇದನ್ನು ಬಿಡದೆ ಬರೆಯುತ್ತೇನೆ. ಇಷ್ಟು ದಿನ ನಾನೊಬ್ಬಳೇ ಹೊತ್ತದ್ದರಲ್ಲಿ ಅರ್ಧ ಅವಳದು ಎಂದು ಕಪಾಳಕ್ಕೆ ಹೊಡೆಯುವಷ್ಟು ಸಿಟ್ಟು. ಆಮೇಲೆ ನೋಡಿದರೆ ನಾವಿಬ್ಬರೂ ಅಳುತ್ತಿದ್ದೆವು. ಒಂದೇ ಗೋಡೆ, ಆಚೆಗೊಬ್ಬಳು ಈಚೆಗೊಬ್ಬಳು ನಿಂತು ಒಂದೇ ಮಾತನ್ನು ನುಂಗಿದ್ದೇವೆ, ಅದೂ ಒಂದೇ ಕಾರಣಕ್ಕೆ.

"ರೇಣುಕಾಗ ಏನ ಹೇಳೂನು?" ಎಂದು ಕೇಳಿದೆ.

"ನಾ ಹೋಗ್ತೀನಿ, ನೀ ಇರ್ತಿ. ಹೇಳೂದಾದ್ರ ಇಬ್ಬರ ಹೆಸರೂ ಹೇಳು. ಬಿಡೂದಾದ್ರ ಇಬ್ಬರ್ದೂ ಬಿಡು. ನನ್ನ ಒಬ್ಬಾಕಿದ ಹೇಳಿದ್ರ ಬಂದು ನಿನ್ನ ಕುತಗಿ ಹಿಚಕ್ತೀನಿ."

ಜ್ವರದಲ್ಲೂ ಆ ಬಾಯಿ ಹೋಗಲಿಲ್ಲ.

೧೦ ಡಿಸೆಂಬರ, ರವಿವಾರ

ಸೂರ್ಯ ಏರುವ ಹೊತ್ತಿಗೆ ಗುರುಸಿದ್ದವ್ವ ತೀರಿಕೊಂಡಳು.

ಕೊನೆಗೆ ಮಾತು ಹೋಗಿತ್ತು, ಕೈ ಕೊರಳ ಹತ್ತಿರ ತಡಕಾಡುತ್ತಿತ್ತು. ಏನು ಬೇಕೆಂದು ತಿಳಿಯಿತು. ಕೊರಳಿನ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ತೆಗೆದು ಅವಳ ಎಡಗೈಯಲ್ಲಿಟ್ಟು, ಬೆರಳು ನಿಲ್ಲುತ್ತಿರಲಿಲ್ಲವಾದ್ದರಿಂದ ನನ್ನ ಎರಡೂ ಕೈಯಿಂದ ಮುಚ್ಚಿ ಹಿಡಿದೆ. ಉಸಿರು ನಿಲ್ಲುವ ತನಕ ಹಾಗೇ ಹಿಡಿದಿದ್ದೆ. ಪಾದ್ರಿಗಳು ಕೇಳಿದರೆ ಏನೆನ್ನುತ್ತಾರೋ. ಕೇಳಿದಾಗ ನೋಡಿಕೊಂಡರಾಯಿತು.

ಬಸಗೊಂಡಪ್ಪ ಇವತ್ತು ತಾನಾಗಿಯೇ ಒಳಗೆ ಬಂದು ತಾಯಿಯ ತಲೆ ಹಿಡಿದ.

೧೨ ಡಿಸೆಂಬರ

ಅಗಸರ ಓಣಿಯವರ ಜೋಪಡಿಗಳಲ್ಲಿ ಮೂವರಿಗೆ ಗಂಟು. ಪಟ್ಟು.

೧೫ ಡಿಸೆಂಬರ

ಒಬ್ಬಳು ಉಳಿದಳು.

೨೪ ಡಿಸೆಂಬರ, ರವಿವಾರ

ನಾಳೆ ಕ್ರಿಸ್ತಜಯಂತಿ. ದೊಡ್ಡ ಕಂದೀಲು ತರಲು ಊರೊಳಗೆ ಮಿಶನ್ ಮನೆಗೆ ಹೋಗಿದ್ದೆ. ಓಣಿಯಲ್ಲಿ ನರಪಿಳ್ಳೆ ಇಲ್ಲ. ಹಿತ್ತಲಲ್ಲಿ, ಅದೇ ಗೋಡೆಯ ಬುಡದಲ್ಲಿ, ಮತ್ತೊಂದು ಇಲಿ ಬಿದ್ದಿತ್ತು. ಚಿಮಟದಿಂದ ಎತ್ತಿ, ಸೀಮೆಎಣ್ಣೆ ಹಾಕಿ ಸುಟ್ಟು, ಗೌಡರ ಜೋಪಡಿಗೆ ಹೋಗಿ ಹೇಳಿ ಬಂದೆ. ಕಂದೀಲಿಗೆ ಇದ್ದ ಎಣ್ಣೆ ಅದಕ್ಕೇ ಮುಗಿಯಿತು. ಹಬ್ಬ ಕತ್ತಲಲ್ಲೇ.

ಮಧ್ಯಾಹ್ನ ರೇಣುಕವ್ವ ಕೋಲೂರಿಕೊಂಡು ಬಂದಳು. ರೊಟ್ಟಿ, ಎಣ್ಣೆಗಾಯಿ ತಂದಿದ್ದಳು. ನೆಲದ ಮೇಲೆ ಕಡ್ಡಿಯಿಂದ ‘ಹೀರಾಬಾಯಿ’ ಎಂದು ಬರೆದಳು. ‘ಹೀ’ ಸರಿಯಾಗಿ ಬಂದಿತ್ತು. "ದೇವರ ನಿಮ್ಮನ್ನ ಕಳಿಸ್ಯಾನ್ರಿ ಬಾಯಾರ. ಇಲ್ಲಂದ್ರ ನಾ ಇರ್ತಿದ್ದಿಲ್ಲ" ಅಂದಳು.

ಬಿಟ್ಟರೆ ಇಬ್ಬರದೂ ಬಿಡಬಹುದಿತ್ತು. ಸತ್ತವಳೂ ಒಪ್ಪಿದ್ದಳು. ಆದರೆ ಮುರಿದ ರೊಟ್ಟಿಯನ್ನು ತಿರುಗಿ ತಟ್ಟೆಗಿಟ್ಟೆ. ಹೇಳಿದೆ. ಇಬ್ಬರ ಹೆಸರನ್ನೂ ಹೇಳಿದೆ, ನನ್ನದನ್ನು ಮೊದಲು.

ಅವಳು ಎದ್ದು ನಿಂತಳು. ಬೇವಿನಗಿಡದ ಕಡೆ ನೋಡಿದಳು, ಕೂಸನ್ನು ಇಟ್ಟದ್ದು ಅಲ್ಲೇ. ನೆಲದ ಮೇಲಿನ ಹೆಸರನ್ನು ಅಂಗಾಲಿನಿಂದ ಒರೆಸಿದಳು. ತಟ್ಟೆ ಎತ್ತಿಕೊಂಡು, ರೊಟ್ಟಿಯ ಸಮೇತ, ಹೋದಳು.

೨೫ ಡಿಸೆಂಬರ, ಸೋಮವಾರ

ಹಾಡು ಹೇಳಿಕೊಂಡೆ. ನಾನೊಬ್ಬಳೇ.

೨೮ ಡಿಸೆಂಬರ, ಗುರುವಾರ

ಬೆಳಿಗ್ಗೆ ಅಮೋಘಿ ಗಾಡಿ ತಂದ. ಇಬ್ರಾಹಿಂಪುರಕ್ಕೆ ಒಯ್ಯಲು ಬಂದಿದ್ದಾನೆ ಎಂದುಕೊಂಡು ಬೇಡ ಎನ್ನಲು ಹೊರಟಿದ್ದೆ. ಅವನು ಹೇಳಿದ್ದೇ ಬೇರೆ.

"ತಿಕೋಟಾದಾಗ ಇಲಿ ಬಿದ್ದಾವ್ರಿ ಬಾಯಾರ. ಮಂದಿ ಹೊಲಕ್ಕ ಹೊಂಟಾರ. ಬಬಲೇಶ್ವರದಾಗ ಬ್ಯಾನಿಯವ್ರ ಹಂತ್ಯಾಕ ಕುಂಡ್ರೂ ಬಾಯಾರ ಅದಾರಂತಲ್ಲ, ಅವರನ್ನ ಕರಕೊಂಡ ಬಾ ಅಂದಾರ."

ಬರುವುದಿಲ್ಲ ಎಂದೆ. ನನ್ನ ಸೊಂಟ ಹೋಗಿದೆ, ವಯಸ್ಸಾಗಿದೆ, ಅಲ್ಲಿ ನನಗೆ ಗುರುತಿನವರಿಲ್ಲ. ನಾನು ಎಂಥವಳೆಂದು ತಿಕೋಟಾದವರಿಗೆ ಗೊತ್ತಿಲ್ಲ, ಗೊತ್ತಿದ್ದರೆ ಕರೆಯುತ್ತಿರಲಿಲ್ಲ. ಅಮೋಘಿ ಎತ್ತುಗಳಿಗೆ ನೀರು ಕುಡಿಸುತ್ತ ನಿಂತ. ನಾನು ಒಳಗೆ ಬಂದು ಅಗಸಿಹಿಟ್ಟು ಎಷ್ಟು ಉಳಿದಿದೆ ಎಂದು ಸುಮ್ಮನೆ ನೋಡಿದೆ. ಹಳೆಯ ಸೀರೆ ಹರಿದು ಪಟ್ಟಿ ಮಾಡಿಟ್ಟದ್ದಿತ್ತು, ಚೆಲ್ಲಾಪಿಲ್ಲಿ ಆಗಬಾರದೆಂದು ಅದನ್ನೂ ಜೊತೆಗೆ ಕಟ್ಟಿದೆ. ಬೋಗುಣಿಯನ್ನೂ ಕಟ್ಟಿದೆ.

ಹೊರಗೆ ಬಂದರೆ ರೇಣುಕವ್ವ ಗಾಡಿಯ ಹತ್ತಿರ ನಿಂತಿದ್ದಳು. ಅವತ್ತಿನಿಂದ ಈ ಕಡೆ ಬಂದಿರಲಿಲ್ಲ. ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಗಂಟು ಇಸಿದುಕೊಂಡು ಗಾಡಿಯಲ್ಲಿಟ್ಟಳು. ಅದರ ಪಕ್ಕಕ್ಕೆ ರೊಟ್ಟಿಯ ಬುತ್ತಿ ಇಟ್ಟಳು.

"ನಾ ನಿಮ್ಮನ್ನ ಮಾಫ ಮಾಡಿಲ್ಲ" ಅಂದಳು. "ಅತ್ತೀನ್ನೂ ಮಾಡಿಲ್ಲ. ತಿಕೋಟಾದಾಗ ನನ್ನ ತಂಗಿ ಅದಾಳ. ಐದು ತಿಂಗಳ ಬಸರಿ. ಹೋಗ್ರಿ."

ಗಾಡಿ ಹತ್ತಿ ಕೂತು ಇದನ್ನು ಬರೆಯುತ್ತಿದ್ದೇನೆ. ಮಾತಾಡಿದ ಆ ಕತ್ತೆ ಮತ್ತೆ ಹೊರೆ ಹೊತ್ತಿತೋ ಇಲ್ಲವೋ ಎಂದು ಪಾದ್ರಿಗಳನ್ನು ಇನ್ನು ಕೇಳಬೇಕಾಗಿಲ್ಲ. ಅಮೋಘಿ ನೊಗ ಎತ್ತುತ್ತಿದ್ದಾನೆ, ಇನ್ನು ಬರೆಯಲು ಬರುವುದಿಲ್ಲ.